ಪಾತ್ರೆಯೂ ಪಾತ್ರವೂ: ಕಾಳುಬಾಟಲಿಯ ಒಂದು ವಿಮರ್ಶೆ

‘ಕಸದಿಂದ ರಸ’ ಎಂಬ ಹೆಸರಿನಲ್ಲಿ ನಮ್ಮ ಧಾರ್ಮಿಕ ಪಾಠಶಾಲೆಗಳಲ್ಲಿಯೂ ಬೇಸಿಗೆಯ ಸಂಸ್ಕಾರ ಶಿಬಿರಗಳಲ್ಲಿಯೂ ಮಕ್ಕಳಿಂದ ಮಾಡಿಸುವ ಕರಕುಶಲ ವಸ್ತುಗಳ ಪೈಕಿ ಹಕ್ಕಿಗಳಿಗೆ ಕಾಳುಣಿಸುವ ಬಾಟಲಿಗೆ ಈಗ ಅಗ್ರಸ್ಥಾನವಿದೆ. ನೀರು ಕುಡಿದು ಬಿಸಾಡುವ ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿ, ಎರಡು ಮರದ ಚಮಚ, ಒಂದಿಷ್ಟು ದಾರ. ಬಾಟಲಿಗೆ ಎದುರುಬದುರು ರಂಧ್ರ ಕೊರೆದು ಚಮಚಗಳನ್ನು ಅಡ್ಡಲಾಗಿ ತೂರಿಸಿ, ಮೇಲಿನಿಂದ ನವಣೆ ತುಂಬಿ, ಮುಚ್ಚಳ ಬಿಗಿದು, ಕಿಟಕಿಯ ಸರಳಿಗೋ ಮಾವಿನ ಕೊಂಬೆಗೋ ತೂಗುಬಿಟ್ಟರೆ ಕೆಲಸ ಮುಗಿಯಿತು. ಕಾಳು ತನ್ನ ಭಾರಕ್ಕೆ ತಾನೇ ಚಮಚದ ಕುಳಿಗೆ ಜಾರುತ್ತದೆ. ಹಕ್ಕಿ ಚಮಚದ ಹಿಡಿಯ ಮೇಲೆ ಕುಳಿತು ತಿನ್ನುತ್ತದೆ. ಮಕ್ಕಳು ಇದನ್ನು ಬರ್ಡ್ ಫೀಡರ್ ಎನ್ನುತ್ತಾರೆ. ಹಿರಿಯರು ಇದನ್ನು ಜೀವದಯೆ ಎನ್ನುತ್ತಾರೆ. ಈ ಎರಡನೆಯ ಹೆಸರಿನಿಂದಾಗಿಯೇ ಈ ಲೇಖನವನ್ನು ಬರೆಯಬೇಕಾಯಿತು.

ಗ್ರಂಥ, ಕಾವ್ಯ, ಪ್ರವಚನಗಳನ್ನು ವಿಮರ್ಶಿಸುವ ಪತ್ರಿಕೆಯಲ್ಲಿ ಒಂದು ಹಳೆಯ ಬಾಟಲಿಯ ವಿಮರ್ಶೆಗೆ ಸ್ಥಳವೆಲ್ಲಿಯದು ಎಂದು ವಾಚಕರು ಕೇಳಬಹುದು. ಬಾಟಲಿ ಕೇವಲ ಆಟದ ವಸ್ತುವಾಗಿದ್ದರೆ ಸ್ಥಳವಿರುತ್ತಿರಲಿಲ್ಲ. ಆದರೆ ಅದನ್ನು ಬಸದಿಯ ಅಂಗಳದಲ್ಲಿ ತೂಗುಹಾಕಿ, ಟ್ರಸ್ಟಿನ ಖರ್ಚಿನಲ್ಲಿ ಹಂಚಿ, ದಾನವೆಂದು ದಾಖಲಿಸಿದ ಮೇಲೆ ಅದು ಶ್ರಾವಕಾಚಾರದ ವಿಷಯವಾಗುತ್ತದೆ. ದಾನವೆಂದ ಮೇಲೆ ದಾನದ ಲಕ್ಷಣದಿಂದ ಅದನ್ನು ಪರೀಕ್ಷಿಸುವುದು ನ್ಯಾಯವೇ ಸರಿ.

ಆ ಲಕ್ಷಣವನ್ನು ನಾವು ದೂರ ಹುಡುಕಬೇಕಾಗಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದ ಕೊನೆಯಲ್ಲಿ ಉಮಾಸ್ವಾತಿಗಳು ದಾನದ ಹೆಚ್ಚುಕಡಿಮೆಯನ್ನು ನಾಲ್ಕು ನೆಲೆಗಳಿಂದ ನಿರ್ಣಯಿಸುತ್ತಾರೆ: ಕೊಡುವ ವಿಧಿ, ಕೊಡುವ ದ್ರವ್ಯ, ಕೊಡುವ ದಾತೃ, ಕೊಳ್ಳುವ ಪಾತ್ರ. ಅಲ್ಲಿ ಮುಖ್ಯವಾಗಿ ಉದ್ದೇಶಿಸಿರುವುದು ಮುನಿಗಳಿಗೆ ಕೊಡುವ ಆಹಾರದಾನವನ್ನು ಎಂಬುದು ನಿಜ. ಹಕ್ಕಿಗೆ ಕಾಳು ಹಾಕುವುದು ಪಾತ್ರದಾನವಲ್ಲ. ಜಿನಸೇನಾಚಾರ್ಯರು ಆದಿಪುರಾಣದಲ್ಲಿ ದತ್ತಿಗಳನ್ನು ವಿಂಗಡಿಸುವಾಗ ಹೇಳಿದ ದಯಾದತ್ತಿಯ ವರ್ಗಕ್ಕೆ ಅದು ಸೇರತಕ್ಕದ್ದು. ಆದರೂ ದಯೆಯ ದಾನಕ್ಕೆ ವಿಧಿ ಬೇಡ, ದ್ರವ್ಯಶುದ್ಧಿ ಬೇಡ ಎಂದು ಯಾವ ಆಚಾರ್ಯರೂ ಹೇಳಿಲ್ಲ. ಮುನಿಗಳಿಗಾದರೆ ತಪ್ಪನ್ನು ಕಂಡು ಅಂತರಾಯವೆಂದು ಕೈ ಬಿಡುವ ವಿವೇಕವಿದೆ. ಹಕ್ಕಿಗೆ ಆ ಸೌಕರ್ಯವಿಲ್ಲ. ಇಟ್ಟದ್ದನ್ನು ಅದು ತಿನ್ನುತ್ತದೆ. ಆದ್ದರಿಂದ ಪರೀಕ್ಷೆಯ ಹೊಣೆಯೆಲ್ಲ ಇಡುವವನ ಮೇಲೆಯೇ ಬೀಳುತ್ತದೆ.

ಮೊದಲು ಗುಣವನ್ನು ಹೇಳೋಣ. ಬಾಟಲಿಗೆ ಖರ್ಚಿಲ್ಲ. ಎಂಟು ವರ್ಷದ ಮಗು ಹಿರಿಯರೊಬ್ಬರ ನೆರವಿನಿಂದ ಅರ್ಧ ಗಂಟೆಯಲ್ಲಿ ಮಾಡಬಲ್ಲದು. ಪಾರದರ್ಶಕವಾದ್ದರಿಂದ ಕಾಳೆಷ್ಟು ಉಳಿದಿದೆ ಎಂಬುದು ಹೊರಗಿನಿಂದಲೇ ಕಾಣುತ್ತದೆ. ಹಕ್ಕಿ ಬಂದು ಕುಳಿತಾಗ ಮಗುವಿನ ಮುಖದಲ್ಲಿ ಮೂಡುವ ಹರ್ಷವನ್ನು ಅಲ್ಲಗಳೆಯುವಷ್ಟು ಒಣ ಮನಸ್ಸು ನನ್ನದಲ್ಲ. ಪುಸ್ತಕದಲ್ಲಿ ಏಕೇಂದ್ರಿಯ, ದ್ವೀಂದ್ರಿಯ ಎಂದು ಬಾಯಿಪಾಠ ಮಾಡುವ ಮಗು ಒಂದು ಪಂಚೇಂದ್ರಿಯ ಜೀವವನ್ನು ಎರಡು ಮೊಳದ ದೂರದಲ್ಲಿ ನೋಡುವುದು ಸಣ್ಣ ಪಾಠವಲ್ಲ.

ಇನ್ನು ದೋಷ. ನಾನು ಧಾನ್ಯದ ವ್ಯಾಪಾರಿ. ವಾಣಿಜ್ಯ ಪದವಿಗಾಗಿ ಓದಿದವನು. ಕಾಳು ತುಂಬಿದ ಯಾವ ಪಾತ್ರೆಯನ್ನು ಕಂಡರೂ ನನ್ನ ಕಣ್ಣು ಮೊದಲು ಹೋಗುವುದು ಅದರ ತಳಕ್ಕೆ. ಚಮಚಗಳನ್ನು ಸಾಮಾನ್ಯವಾಗಿ ಬಾಟಲಿಯ ನಡುವಿಗೂ ತಳದಿಂದ ಮೂರು ನಾಲ್ಕು ಬೆರಳು ಮೇಲಕ್ಕೂ ತೂರಿಸುತ್ತಾರೆ. ಕೆಳಗಿನ ಚಮಚಕ್ಕಿಂತ ಕೆಳಗಿರುವ ಕಾಳು ಯಾವ ಹಕ್ಕಿಗೂ ಎಂದೂ ಸಿಗುವುದಿಲ್ಲ. ಮೇಲಿನಿಂದ ಎಷ್ಟು ಸಲ ತುಂಬಿದರೂ ತಳದ ಕಾಳು ತಳದಲ್ಲೇ ಕುಳಿತಿರುತ್ತದೆ. ನಮ್ಮ ಮಂಡಿಯ ಭಾಷೆಯಲ್ಲಿ ಇದಕ್ಕೆ ಡೆಡ್ ಸ್ಟಾಕ್ ಎಂದು ಹೆಸರು. ದಾಸ್ತಾನಿನ ಮೊದಲ ಪಾಠವೇ ಮೊದಲು ಬಂದ ಮಾಲು ಮೊದಲು ಹೋಗಬೇಕೆಂಬುದು. ಈ ಬಾಟಲಿಯಲ್ಲಿ ಮೊದಲು ಬಂದದ್ದು ಹೋಗುವುದೇ ಇಲ್ಲ. ಹಗಲಿನ ಬಿಸಿಲಿಗೆ ಮುಚ್ಚಿದ ಬಾಟಲಿಯೊಳಗೆ ಆವಿ ಹುಟ್ಟಿ ರಾತ್ರಿಯ ತಂಪಿಗೆ ಗೋಡೆಯ ಮೇಲೆ ಹನಿಗಟ್ಟುತ್ತದೆ. ರಂಧ್ರದಿಂದ ಎರಚಲು ಮಳೆ ಸೇರುತ್ತದೆ. ಹನಿಯೆಲ್ಲ ಇಳಿದು ನಿಲ್ಲುವುದು ತಳದ ಆ ಕಾಳಿನಲ್ಲಿ. ಕೆಲವೇ ದಿನಗಳಲ್ಲಿ ಅದು ಬೂಸು ಹಿಡಿಯುತ್ತದೆ, ಮೊಳೆಯುತ್ತದೆ, ನುಸಿ ಬೀಳುತ್ತದೆ. ಒಂದು ಪಂಚೇಂದ್ರಿಯ ಜೀವಕ್ಕೆ ಉಪಕಾರ ಮಾಡಹೊರಟು ಲೆಕ್ಕವಿಲ್ಲದ ತ್ರಸಜೀವಗಳ ಉತ್ಪತ್ತಿಗೂ ಅವುಗಳ ನಾಶಕ್ಕೂ ನಾವೇ ಪಾತ್ರೆಯೊದಗಿಸಿದಂತಾಯಿತು.

ಚಮಚವನ್ನು ತಳಕ್ಕೆ ಸರಿಸಿ, ಬುಡದಲ್ಲಿ ಕಾಯಿಸಿದ ಸೂಜಿಯಿಂದ ನಾಲ್ಕಾರು ಸಣ್ಣ ರಂಧ್ರ ಚುಚ್ಚಿ ನೀರಿಳಿಯಲು ದಾರಿ ಮಾಡಿದರೆ ಈ ದೋಷ ಬಹುಮಟ್ಟಿಗೆ ನೀಗುತ್ತದೆ. ಬಾಟಲಿಯನ್ನು ತಲೆಕೆಳಗು ಮಾಡಿ, ಬಾಯಿಯು ತಟ್ಟೆಯೊಂದರ ಮೇಲೆ ಬೆರಳಗಲದ ಎತ್ತರದಲ್ಲಿ ನಿಲ್ಲುವಂತೆ ಕಟ್ಟುವ ಇನ್ನೊಂದು ಮಾದರಿಯಲ್ಲಿ ತಳದ ತೊಂದರೆಯೇ ಇಲ್ಲ. ಆದರೆ ನನ್ನ ಮುಖ್ಯ ಆಕ್ಷೇಪಣೆ ರಂಧ್ರದ ಸ್ಥಾನವನ್ನು ಕುರಿತದ್ದಲ್ಲ. ಬಾಟಲಿಯ ಯಾವುದನ್ನು ಗುಣವೆಂದು ಹೊಗಳುತ್ತಾರೋ ಅದೇ ಅದರ ದೊಡ್ಡ ದೋಷ ಎಂಬುದು ನನ್ನ ಅಭಿಪ್ರಾಯ. ‘ಒಂದು ಸಲ ತುಂಬಿದರೆ ಹದಿನೈದು ದಿನ ನೋಡಬೇಕಾಗಿಲ್ಲ’ ಎಂದು ಶಿಬಿರಗಳಲ್ಲಿ ಹೇಳಿಕೊಡುತ್ತಾರೆ. ಒಂದು ಲೀಟರಿನ ಬಾಟಲಿಯಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಕಿಲೋ ನವಣೆ ಹಿಡಿಯುತ್ತದೆ. ಗುಬ್ಬಿಯ ಇಡೀ ಮೈತೂಕವೇ ಸುಮಾರು 25ರಿಂದ 30 ಗ್ರಾಂ. ನಾಲ್ಕು ಗುಬ್ಬಿಗಳು ಬರುವ ಕಿಟಕಿಗೆ ಮುಕ್ಕಾಲು ಕಿಲೋ ಕಾಳು ತೂಗುಹಾಕುವುದು ಆಹಾರದಾನವಲ್ಲ, ಉಗ್ರಾಣ.

ನಮ್ಮ ಮನೆಗಳಲ್ಲಿ ಬೀಸಿದ ಹಿಟ್ಟಿಗೆ ಮರ್ಯಾದೆಯುಂಟು. ಚಳಿಗಾಲದಲ್ಲಿ ಏಳು ದಿನ, ಬೇಸಿಗೆಯಲ್ಲಿ ಐದು ದಿನ, ಮಳೆಗಾಲದಲ್ಲಿ ಮೂರು ದಿನ. ಅದರಾಚೆಗೆ ಆ ಹಿಟ್ಟು ವ್ರತಿಕರಿಗೆ ಯೋಗ್ಯವಲ್ಲ. ನಮ್ಮ ತಾಯಂದಿರು ಈ ಲೆಕ್ಕವನ್ನು ಕ್ಯಾಲೆಂಡರ್ ಇಲ್ಲದೆಯೇ ಇಟ್ಟುಕೊಂಡಿದ್ದರು. ತಮ್ಮ ರೊಟ್ಟಿಗೆ ಮೂರು ದಿನದ ಮರ್ಯಾದೆ ಪಾಲಿಸುವ ಮನೆಯವರೇ ಜಗುಲಿಯ ಬಾಟಲಿಯಲ್ಲಿ ಆಷಾಢದ ಒಂದು ತಿಂಗಳ ಒಡೆದ ನುಚ್ಚನ್ನು ತೂಗುಬಿಟ್ಟಿರುವುದನ್ನು ನಾನು ಕಂಡಿದ್ದೇನೆ. ನುಚ್ಚಿಗೂ ಹಿಟ್ಟಿಗೂ ಕೊಂಚ ಅಂತರವಿದೆ ಎಂದು ವಾದಿಸಬಹುದು. ಆದರೆ ಮರ್ಯಾದೆಯ ತಿರುಳು ದಿನಗಳ ಎಣಿಕೆಯಲ್ಲಿಲ್ಲ. ಸಂಗ್ರಹ ಹೆಚ್ಚಿದಂತೆ ಜೀವೋತ್ಪತ್ತಿ ಹೆಚ್ಚುತ್ತದೆ ಎಂಬ ಅರಿವಿನಲ್ಲಿದೆ. ಆ ಅರಿವು ಅಡುಗೆಮನೆಯ ಹೊಸಿಲಿನಲ್ಲೇ ನಿಂತುಬಿಡಬೇಕೇ?

ದ್ರವ್ಯದ ವಿಷಯಕ್ಕೆ ಬಂದರೆ ನನಗೆ ಸ್ವಲ್ಪ ಹೆಚ್ಚು ಹೇಳುವುದಿದೆ. ಇದು ನಾನು ನಿತ್ಯ ಕಾಣುವ ಸಂಗತಿ. ‘ಹಕ್ಕಿಗೆ ಹಾಕಲು ಅಗ್ಗದ ಕಾಳು ಇದ್ದರೆ ಕೊಡಿ ಸಾಹುಕಾರರೇ’ ಎಂದು ಕೇಳಿಕೊಂಡು ಬರುವ ಧರ್ಮಬಂಧುಗಳು ವರ್ಷಕ್ಕೆ ಹತ್ತಾರು ಮಂದಿ. ಅಗ್ಗದ ಕಾಳು ಎಂದರೆ ಯಾವುದು? ಮಂಡಿಯ ನೆಲ ಗುಡಿಸಿದಾಗ ಸಿಗುವ ಕಾಳು, ಮಣ್ಣು, ಸೆಣಬಿನ ಎಳೆ, ಚೀಲ ಹೊಲಿದ ದಾರದ ತುಂಡು. ಮಳೆಗೆ ನೆನೆದು ಒಣಗಿಸಿದ ಮೆಕ್ಕೆಜೋಳ. ಮುಗ್ಗು ಹಿಡಿದ ಶೇಂಗಾ. ಉಗ್ರಾಣಗಳಲ್ಲಿ ನುಸಿಯ ಕಾಟಕ್ಕೆ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಇಡುತ್ತಾರೆ. ಅದು ಅನಿಲವಾಗಿ ಹೊರಟುಹೋದ ಮೇಲೆ ಉಳಿಯುವ ಬೂದಿಯಂಥ ಪುಡಿಯೂ ಗುಡಿಸಿದ ಕಾಳಿನಲ್ಲಿ ಸೇರುವುದುಂಟು. ಇದೆಲ್ಲಕ್ಕಿಂತ ಭಯಂಕರವಾದದ್ದು ಬಿತ್ತನೆಗಾಗಿ ತಂದು ಮಿಕ್ಕ ಬೀಜ. ಅದಕ್ಕೆ ಥೈರಮ್‌ನಂಥ ಶಿಲೀಂಧ್ರನಾಶಕವನ್ನೋ ಕೀಟನಾಶಕವನ್ನೋ ಲೇಪಿಸಿ, ಯಾರೂ ತಿನ್ನದಿರಲೆಂದೇ ಕೆಂಪೋ ಗುಲಾಬಿಯೋ ಬಣ್ಣ ಹಚ್ಚಿರುತ್ತಾರೆ. ‘ಬಣ್ಣದ ಕಾಳು, ಮಕ್ಕಳಿಗೆ ಚೆಂದ ಕಾಣುತ್ತದೆ’ ಎಂದು ಅದನ್ನೇ ಬಾಟಲಿಗೆ ತುಂಬುವವರಿದ್ದಾರೆಂದರೆ ನಂಬಬೇಕು. ಆ ಬಣ್ಣ ಎಚ್ಚರಿಕೆಯ ಬಣ್ಣ. ಹಕ್ಕಿಗೆ ಅದನ್ನು ಓದಲು ಬರುವುದಿಲ್ಲ.

ಮುಗ್ಗಿದ ಶೇಂಗಾದ ವಿಷಯವನ್ನು ಹಗುರವಾಗಿ ಕಾಣಬಾರದು. 1960ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು ಒಂದು ಲಕ್ಷ ಟರ್ಕಿ ಕೋಳಿಮರಿಗಳು ಕಾರಣ ತಿಳಿಯದೆ ಸತ್ತವು. ವಿಚಾರಿಸಿದಾಗ ಬ್ರೆಜಿಲಿನಿಂದ ತರಿಸಿದ ಶೇಂಗಾ ಹಿಂಡಿಯಲ್ಲಿ ಬೆಳೆದ ಬೂಸಿನ ವಿಷ ಅದೆಂದು ಗೊತ್ತಾಯಿತು; ಅಫ್ಲಾಟಾಕ್ಸಿನ್ ಎಂಬ ಹೆಸರು ಹುಟ್ಟಿದ್ದು ಆಗ. ಇಂದು ಶೇಂಗಾ, ಮೆಕ್ಕೆಜೋಳಗಳ ರಫ್ತಿನಲ್ಲಿ ಈ ವಿಷದ ಪರೀಕ್ಷೆಯಾಗದೆ ಒಂದು ಚೀಲವೂ ಹಡಗೇರುವುದು ಕಷ್ಟ. ಹೊರದೇಶದ ಗಿರಾಕಿ ತಿರಸ್ಕರಿಸುವ ಮಾಲನ್ನು ನಾವು ಬಸದಿಯ ಮರಕ್ಕೆ ಕಟ್ಟಿ ಪುಣ್ಯದ ಖಾತೆಗೆ ಜಮಾ ಮಾಡುತ್ತೇವೆ. ಇದನ್ನು ದಾನವೆನ್ನುವುದಕ್ಕಿಂತ ವಿಲೇವಾರಿ ಎನ್ನುವುದು ಹೆಚ್ಚು ಪ್ರಾಮಾಣಿಕ. ನಾವು ಮನೆಯಲ್ಲಿ ಕೇರಿ ಆರಿಸಿ ಉಣ್ಣುವ ಧಾನ್ಯದಿಂದಲೇ ಒಂದು ಹಿಡಿ ತೆಗೆದಿಟ್ಟರೆ ಸಾಕು. ಹಕ್ಕಿಯ ಕಾಳಿಗೆ ಬೇರೆ ದರ್ಜೆ ಇರಬೇಕಾಗಿಲ್ಲ. ಬೇಯಿಸಿದ, ಉಪ್ಪು ಬೆರೆತ, ಎಣ್ಣೆಯಲ್ಲಿ ಕರಿದ ತಿನಿಸು ಅವಕ್ಕೆ ಬೇಡವೇ ಬೇಡ.

ದ್ರವ್ಯದ ಇನ್ನೊಂದು ವಿಕಾರ ಪರದೇಶದ ಪುಸ್ತಕಗಳಿಂದ ಬಂದದ್ದು. ಪೈನ್ ಮರದ ಕಾಯಿಗೆ ಶೇಂಗಾ ಬೆಣ್ಣೆ ಮೆತ್ತಿ ಕಾಳಿನಲ್ಲಿ ಹೊರಳಿಸುವುದು, ಜಿಲೆಟಿನ್ ಕರಗಿಸಿ ಕಾಳು ಕಲಸಿ ಅಚ್ಚಿನಲ್ಲಿ ಹಾಕಿ ಗಟ್ಟಿ ಮಾಡುವುದು, ಜೇನುತುಪ್ಪವನ್ನು ಅಂಟಾಗಿ ಸವರುವುದು, ಪ್ರಾಣಿಯ ಕೊಬ್ಬನ್ನು ಕಾಯಿಸಿ ಉಂಡೆ ಕಟ್ಟುವುದು, ಇವೆಲ್ಲ ಅಲ್ಲಿಯ ಕ್ರಮಗಳು. ಹಿಮ ಬೀಳುವ ನಾಡಿನಲ್ಲಿ ಚಳಿ ತಡೆಯಲು ಹಕ್ಕಿಗೆ ಕೊಬ್ಬು ಬೇಕು ಎಂಬ ಅವರ ತರ್ಕ ಅವರಿಗೆ ಸರಿಯಿದ್ದೀತು. ಅದನ್ನು ಹಾಗೆಯೇ ಇಳಿಸಿಕೊಂಡು ನಮ್ಮ ಸಂಸ್ಕಾರ ಶಿಬಿರದ ಮಕ್ಕಳಿಗೆ ಜಿಲೆಟಿನ್ ಪೊಟ್ಟಣ ಹಂಚುವುದೆಂದರೆ ಏನು? ಜಿಲೆಟಿನ್ ಆಗುವುದು ಪ್ರಾಣಿಗಳ ಎಲುಬು ಚರ್ಮಗಳಿಂದ. ಜೇನಿನ ಮಾತು ಹೇಳುವುದೇ ಬೇಡ. ಸಮಂತಭದ್ರಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಮದ್ಯ ಮಾಂಸಗಳೊಡನೆ ಮಧುವಿನ ತ್ಯಾಗವನ್ನೂ ಮೂಲಗುಣಗಳಲ್ಲಿ ಎಣಿಸಿದ್ದಾರೆ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಗೂಡಿನಿಂದ ತಾನಾಗಿ ಸೋರಿದ ಜೇನನ್ನೂ ವರ್ಜ್ಯವೆಂದಿದ್ದಾರೆ. ಒಂದು ಗೂಡನ್ನು ಹಿಂಡಿ ಇನ್ನೊಂದು ಗೂಡಿನವರಿಗೆ ಬಡಿಸುವ ದಯೆ ನಮ್ಮ ಶಾಸ್ತ್ರಕ್ಕೆ ಗೊತ್ತಿಲ್ಲ.

‘ಮನೆಯ ನಿರುಪಯುಕ್ತ ವಸ್ತು’ ಎಂಬ ಮಾತನ್ನೂ ಒರೆಗೆ ಹಚ್ಚಬೇಕು. ಬಣ್ಣದ ಡಬ್ಬಿ, ಫಿನಾಯಿಲಿನ ಸೀಸೆ, ಕೀಟನಾಶಕದ ಕ್ಯಾನು ಎಷ್ಟು ತೊಳೆದರೂ ಆಹಾರದ ಪಾತ್ರೆಯಾಗಲಾರವು. ಕತ್ತರಿಸಿದ ತಗಡಿನ ಅಂಚು ಹಕ್ಕಿಯ ಕಾಲಿಗೆ ಕತ್ತಿಯೇ. ನೈಲಾನ್ ದಾರದಿಂದ ತೂಗುಹಾಕಿದರೆ ಅದರ ಸಡಿಲು ಕುಣಿಕೆ ಕಾಲಿಗೋ ರೆಕ್ಕೆಗೋ ಸುತ್ತಿಕೊಳ್ಳುತ್ತದೆ. ಗಾಳಿಪಟದ ನೈಲಾನ್ ಮಾಂಜಾವನ್ನು 2017ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೇಶದಾದ್ಯಂತ ನಿಷೇಧಿಸಿದ್ದಕ್ಕೆ ಹಕ್ಕಿಗಳ ಇಂಥ ಸಾವುನೋವುಗಳೂ ಕಾರಣ. ಇರುವೆ ಬಾರದಿರಲೆಂದು ದಾರಕ್ಕೆ ಇರುವೆ ಸೀಮೆಸುಣ್ಣ ಬಳಿಯುವವರಿಗೆ ಏನು ಹೇಳಬೇಕೋ ತಿಳಿಯದು. ಇನ್ನು ಬಾಟಲಿಯೇ ಆದರೂ ಎರಡು ಬೇಸಿಗೆಯ ಬಿಸಿಲಿಗೆ ಪೆಡಸಾಗಿ ಚೂರುಚೂರಾಗಿ ಅದೇ ಮರದ ಬುಡದಲ್ಲಿ ಉದುರುತ್ತದೆ. ಕಸ ರಸವಾಗಿದ್ದು ಎಷ್ಟು ದಿನ? ಹಳೆಯ ಬಾಟಲಿ ಸಾಲದೆ ಹೊಸ ನೀರಿನ ಬಾಟಲಿಗಳನ್ನು ಪೆಟ್ಟಿಗೆಗಟ್ಟಲೆ ತರಿಸಿ, ನೀರು ಚೆಲ್ಲಿ, ಫೀಡರ್ ಮಾಡಿಸಿದ ಶಿಬಿರವೊಂದರ ವರದಿ ಕೇಳಿದಾಗ ನಗಬೇಕೋ ಅಳಬೇಕೋ ತೋಚಲಿಲ್ಲ. ಪ್ರಯೋಜನವಿಲ್ಲದೆ ನೀರು ಚೆಲ್ಲುವುದು ಅನರ್ಥದಂಡದ ಪ್ರಮಾದಚರ್ಯೆಯಲ್ಲಿ ಬರುತ್ತದೆಂದು ಅದೇ ಶಿಬಿರದಲ್ಲಿ ಬೋಧಿಸಿರಲಿಕ್ಕೂ ಸಾಕು.

ಬಾಟಲಿಯ ಜೊತೆಗೆ ನೀರಿನ ತಟ್ಟೆಯನ್ನೂ ಇಡುವುದು ಒಳ್ಳೆಯ ರೂಢಿ. ನಮ್ಮ ನಾಡಿನ ಚೈತ್ರ ವೈಶಾಖಗಳಲ್ಲಿ ಹಕ್ಕಿಗೆ ಕಾಳಿಗಿಂತ ನೀರೇ ದೊಡ್ಡ ದಾನ. ಆದರೆ ನಿಂತ ನೀರಿಗೆ ಸೊಳ್ಳೆ ಮೊಟ್ಟೆಯಿಡುತ್ತದೆ. ಒಂದೆರಡು ದಿನಗಳಲ್ಲಿ ಮೊಟ್ಟೆ ಒಡೆದು ಮರಿಹುಳುಗಳಾಗುತ್ತವೆ. ವಾರದ ಮೇಲೆ ನೆನಪಾಗಿ ಆ ನೀರನ್ನು ಕಾದ ಅಂಗಳಕ್ಕೆ ಎರಚಿದವನು ಎಷ್ಟು ಜೀವಗಳನ್ನು ಸುಟ್ಟನೆಂದು ಲೆಕ್ಕ ಹಾಕಲಿ. ಎರಚದೆ ಬಿಟ್ಟವನು ನೆರೆಮನೆಯವರಿಗೆ ಡೆಂಗ್ಯೂ ಹಂಚಿದ. ಪ್ರತಿದಿನ ಬೆಳಿಗ್ಗೆ ತಟ್ಟೆ ತಿಕ್ಕಿ, ಸೋಸಿದ ಹೊಸ ನೀರು ತುಂಬಿದರೆ ಈ ಎರಡೂ ಪಾಪಗಳು ಹುಟ್ಟುವುದಿಲ್ಲ. ನೀರು ಸೋಸಿ ಕುಡಿಯುವ ವ್ರತವನ್ನು ಹಕ್ಕಿಯ ತಟ್ಟೆಗೂ ಚಾಚುವುದು ಅಷ್ಟೇನೂ ಕಷ್ಟವಲ್ಲ.

ಈಗ ಪಾತ್ರದ ಪ್ರಶ್ನೆ. ನಾವು ಗುಬ್ಬಿಗೆಂದು ಇಡುತ್ತೇವೆ, ಬರುವುದು ಪಾರಿವಾಳ. 2020ರಲ್ಲಿ ಪ್ರಕಟವಾದ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿಯಂತೆ ಗುಬ್ಬಚ್ಚಿಗಳ ಸಂಖ್ಯೆ ಒಟ್ಟು ದೇಶದಲ್ಲಿ ಹೆಚ್ಚುಕಡಿಮೆ ಸ್ಥಿರವಾಗಿದ್ದು ದೊಡ್ಡ ನಗರಗಳಲ್ಲಿ ಕುಗ್ಗಿದೆ; 2023ರ ವರದಿಯಲ್ಲಿ ಪಾರಿವಾಳ ಏರುತ್ತಿರುವ ಹಕ್ಕಿಗಳ ಸಾಲಿನಲ್ಲಿದೆ. ಗುಬ್ಬಿ ನಗರದಲ್ಲಿ ಕುಗ್ಗಿದ್ದು ಕಾಳಿಲ್ಲದೆ ಮಾತ್ರವಲ್ಲ. ದೊಡ್ಡ ಗುಬ್ಬಿ ಕಾಳು ತಿನ್ನುತ್ತದೆ, ಆದರೆ ಮೊದಲ ದಿನಗಳಲ್ಲಿ ಮರಿಗೆ ಅದು ತಂದುಣಿಸುವುದು ಪೊದೆ ಗಿಡಗಳಿಂದ ಹೆಕ್ಕಿದ ಹುಳುಗಳನ್ನು. ಇದು ಹಕ್ಕಿಯ ಸ್ವಭಾವ. ಅದಕ್ಕೆ ನಾವು ಕರ್ತರೂ ಅಲ್ಲ, ಕಾರಯಿತರೂ ಅಲ್ಲ. ಆದರೆ ಸಂಗತಿ ಮಾತ್ರ ಸ್ಪಷ್ಟ: ಬಸದಿಯ ಅಂಗಳಕ್ಕೆ ಪೂರ್ತಿ ಟೈಲ್ಸ್ ಹಾಸಿ, ಹೂಗಿಡದ ಬೇಲಿ ಕಿತ್ತು, ಗೋಡೆಯ ಸಂದುಗೊಂದುಗಳನ್ನೆಲ್ಲ ಸಿಮೆಂಟಿನಿಂದ ಮುಚ್ಚಿ, ಆ ಮೇಲೆ ಇಪ್ಪತ್ತು ಬಾಟಲಿ ತೂಗುಹಾಕಿದರೆ ಗುಬ್ಬಿ ಮರಿ ಮಾಡುವುದಿಲ್ಲ. ದಾಸವಾಳದ ಒಂದು ಬೇಲಿಯನ್ನು ಉಳಿಸಿಕೊಂಡ ಬಸದಿ ಬಾಟಲಿಗಳಿಲ್ಲದೆಯೂ ಹೆಚ್ಚಿನ ದಯಾದತ್ತಿ ಮಾಡಿದಂತೆ.

ಪಾರಿವಾಳಗಳ ಮಾತು ಬಂದಾಗ ಮುಂಬಯಿಯ ಪ್ರಕರಣವನ್ನು ನಮ್ಮ ಪತ್ರಿಕೆ ನೋಡಿಯೂ ನೋಡದಂತಿರಲಾಗದು. 2025ರ ಜುಲೈಯಲ್ಲಿ ಮಹಾರಾಷ್ಟ್ರ ಸರ್ಕಾರ ಆ ನಗರದ ಕಬೂತರಖಾನೆಗಳನ್ನು ಮುಚ್ಚಿಸಲು ಹೇಳಿತು. ಆಗಸ್ಟಿನಲ್ಲಿ ದಾದರಿನ ಕಬೂತರಖಾನೆಗೆ ಹೊದಿಸಿದ್ದ ತಾಡಪತ್ರಿಯನ್ನು ಪ್ರತಿಭಟನೆಗೆ ಸೇರಿದ್ದವರು ಕಿತ್ತುಹಾಕಿದರು; ಅವರಲ್ಲಿ ನಮ್ಮ ಸಮಾಜದವರೂ ಬಹುಮಂದಿ ಇದ್ದರು. ಬಾಂಬೆ ಹೈಕೋರ್ಟು ಜನರ ಆರೋಗ್ಯಕ್ಕೆ ಪ್ರಾಧಾನ್ಯವಿತ್ತಿತು. ತಲೆಮಾರುಗಳಿಂದ ನಡೆದು ಬಂದ ಜೀವದಯೆಯ ಪದ್ಧತಿಯೊಂದು ಒಂದು ದಿನ ಪರದೆಯ ಹಿಂದೆ ಹೋದಾಗ ಆದ ನೋವು ನನಗೆ ಅರ್ಥವಾಗುತ್ತದೆ. ಹಠಾತ್ತನೆ ಕಾಳು ನಿಂತರೆ ಅದನ್ನೇ ನಂಬಿದ ಹಕ್ಕಿಗಳ ಗತಿಯೇನು ಎಂಬುದೂ ನ್ಯಾಯವಾದ ಪ್ರಶ್ನೆ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅನ್ನಪಾನನಿರೋಧವೂ ಒಂದಲ್ಲವೇ? ಆದರೆ ಇನ್ನೊಂದು ಮಗ್ಗುಲನ್ನೂ ಅದೇ ತಕ್ಕಡಿಯಲ್ಲಿಡಬೇಕು. ಪಾರಿವಾಳದ ಹಿಕ್ಕೆ, ಪುಕ್ಕಗಳ ಧೂಳನ್ನು ಬಹುಕಾಲ ಉಸಿರಾಡಿದ ಕೆಲವರಲ್ಲಿ ಶ್ವಾಸಕೋಶ ಉರಿಗೊಂಡು ಗಟ್ಟಿಯಾಗುವ ಕಾಯಿಲೆ ಬರುತ್ತದೆಂದು ವೈದ್ಯಶಾಸ್ತ್ರ ಬಹಳ ಹಿಂದೆಯೇ ಗುರುತಿಸಿದೆ. ಒಮ್ಮೆ ಗಟ್ಟಿಯಾದ ಭಾಗ ಮತ್ತೆ ಮೊದಲಿನಂತಾಗುವುದಿಲ್ಲ. ಎದುರು ಮನೆಯ ಮಹಡಿಯಲ್ಲಿ ಉಬ್ಬಸಪಡುವ ವೃದ್ಧೆಯೂ ಪಂಚೇಂದ್ರಿಯ ಸಂಜ್ಞಿ ಜೀವವೇ. ಅವರ ಒಪ್ಪಿಗೆಯನ್ನು ಯಾರು ಕೇಳಿದರು?

ಕಿಟಕಿಯ ಬಾಟಲಿ ಕಬೂತರಖಾನೆಯಲ್ಲ ಎಂಬುದು ಸತ್ಯ. ಆದರೆ ಪಾರಿವಾಳ ಚಮಚದ ಮೇಲೆ ಕೂರಲಾರದೆ ಬಾಟಲಿಯನ್ನು ಕುಟ್ಟಿ ಕಾಳುದುರಿಸುತ್ತದೆ. ಉದುರಿದ ಕಾಳಿಗೆ ಇನ್ನೂ ಹತ್ತು ಬರುತ್ತವೆ. ರಾತ್ರಿ ಇಲಿ ಬರುತ್ತದೆ. ಬಸದಿಯ ಶಿಖರದಲ್ಲಿ ಅವು ನೆಲೆಯೂರಿದರೆ ಹಿಕ್ಕೆಯ ಆಮ್ಲ ಕಲ್ಲಿನ ಕೆತ್ತನೆಯನ್ನು ತಿನ್ನುತ್ತದೆ. ಆ ಮೇಲೆ ಅದೇ ಟ್ರಸ್ಟಿನವರು ಮುಳ್ಳುತಂತಿಯನ್ನೋ ಬಲೆಯನ್ನೋ ಹಾಕಿಸಲು ಕೊಟೇಶನ್ ಕೇಳುತ್ತಾರೆ. ಕೈಯಾರೆ ಕರೆದ ಅತಿಥಿಗೆ ಬಲೆಯೊಡ್ಡುವುದು ಯಾವ ಆತಿಥ್ಯ?

ಹಕ್ಕಿಗಳು ಒತ್ತೊತ್ತಾಗಿ ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದ ಅವುಗಳಿಗೇ ಕೇಡಾಗುವುದೂ ಉಂಟು. ಇಂಗ್ಲೆಂಡಿನಲ್ಲಿ 2005ರಿಂದೀಚೆಗೆ ಗ್ರೀನ್‌ಫಿಂಚ್ ಎಂಬ ಸಣ್ಣ ಹಕ್ಕಿಯ ಸಂತತಿ ಗಂಟಲಿನ ಸೋಂಕಿನಿಂದ ವಿಪರೀತ ಇಳಿಯಿತು. ಹಿತ್ತಲುಗಳಲ್ಲಿಟ್ಟ ಕಾಳಿನ ತಟ್ಟೆ, ನೀರಿನ ತಟ್ಟೆಗಳು ಆ ಸೋಂಕು ದಾಟುವ ಸ್ಥಳಗಳಾದವು. ಇಟ್ಟವರೆಲ್ಲ ಹಕ್ಕಿಪ್ರಿಯರೇ.

ಇಲ್ಲಿಗೆ ಕೆಲವರು ಭಾವದ ಮಾತೆತ್ತುತ್ತಾರೆ. ಭಾವ ಶುದ್ಧವಾಗಿದ್ದರಾಯಿತು, ಬಾಟಲಿಯ ರಂಧ್ರ ಎಲ್ಲಿದ್ದರೇನು ಎಂಬುದು ಅವರ ವಾದ. ಜನ್ನನ ಯಶೋಧರಚರಿತೆಯನ್ನು ಸಾಕ್ಷಿಗೆ ಕರೆಯುವವರೂ ಇದ್ದಾರೆ: ಹಿಟ್ಟಿನ ಕೋಳಿಯನ್ನು ಕಡಿದ ಯಶೋಧರನಿಗೂ ಅವನ ತಾಯಿಗೂ ಕೇವಲ ಸಂಕಲ್ಪದಿಂದ ಅಷ್ಟು ಜನ್ಮಗಳ ತಿರ್ಯಗ್ಗತಿ ಬಂತಾದರೆ, ಕೇವಲ ಸತ್ಸಂಕಲ್ಪದಿಂದ ಪುಣ್ಯವೇಕೆ ಬಾರದು ಎಂದು. ವಾದ ಚತುರವಾಗಿದೆ, ಆದರೆ ಕಾವ್ಯವನ್ನು ಅರ್ಧ ಓದಿದ ವಾದ. 1209ರಲ್ಲಿ ಮುಗಿದ ಆ ಕೃತಿಯಲ್ಲಿ ಯಶೋಧರನು ತಾಯಿಯ ಮಾತನ್ನು ಮೀರಲಾರದೆ, ನಿಜವಾದ ಕೋಳಿಯಲ್ಲವಲ್ಲ ಎಂದು ತನ್ನನ್ನು ತಾನೇ ಸಮಾಧಾನಪಡಿಸಿಕೊಂಡು ಕತ್ತಿಯೆತ್ತುತ್ತಾನೆ. ‘ಇಷ್ಟಾದರೆ ಸಾಕು, ಇದರಲ್ಲೇನಿದೆ’ ಎಂಬ ಆ ಉಪೇಕ್ಷೆಯನ್ನೇ ಜನ್ನ ಜನ್ಮಜನ್ಮಾಂತರಗಳವರೆಗೆ ಬೆನ್ನಟ್ಟುತ್ತಾನೆ. ನವಿಲಾಗಿ, ಕೊನೆಗೆ ಕೋಳಿಯಾಗಿ ಹುಟ್ಟುವ ಆ ಜೀವದ ಕಥೆ ಹಕ್ಕಿಯ ಮೈಯೊಳಗಿನಿಂದ ಹೇಳಿದ ಕಥೆ. ಅದನ್ನು ಓದಿದವನು ಬಾಟಲಿಯ ತಳ ನೋಡದೆ ಹೋಗಲಾರ. ಕುಂದಕುಂದಾಚಾರ್ಯರೂ ಪ್ರವಚನಸಾರದಲ್ಲಿ ಹಿಂಸೆಯ ನಿರ್ಣಯವನ್ನು ಯತ್ನಾಚಾರದ ಮೇಲೆ ನಿಲ್ಲಿಸುತ್ತಾರೆ. ಜೀವಿ ಉಳಿದರೂ ಅಜಾಗರೂಕನು ದೋಷಿಯೇ. ಶುದ್ಧಭಾವವೆಂದರೆ ಎಚ್ಚರವಿಲ್ಲದ ಒಳ್ಳೆಯತನ ಎಂದು ಅವರಾರೂ ಒಪ್ಪಿದಂತೆ ಕಾಣುವುದಿಲ್ಲ.

ದಾತೃವಿನ ಬಗೆಗೆ ಹೆಚ್ಚು ಬರೆಯಲು ಮನಸ್ಸಿಲ್ಲ. ಬಾಟಲಿಯ ಮೇಲೆ ದಾನಿಗಳ ಹೆಸರಿನ ಚೀಟಿ ಅಂಟಿಸಿ, ಸಾಲಾಗಿ ನಿಲ್ಲಿಸಿ, ಭಾವಚಿತ್ರ ತೆಗೆಸಿಕೊಂಡ ಮೇಲೆ ಆ ಬಾಟಲಿಗಳನ್ನು ಯಾರು ತುಂಬಬೇಕು, ಯಾರು ತೊಳೆಯಬೇಕು ಎಂಬುದನ್ನು ಯಾವ ಠರಾವಿನಲ್ಲೂ ಬರೆದಿರುವುದಿಲ್ಲ. ಅಂಗಳದ ಬಾಟಲಿಗೆ ಹಸಿರು ಹಿಡಿದಿರುತ್ತದೆ, ಹೆಸರು ಮಾತ್ರ ಓದಲು ಬರುತ್ತಿರುತ್ತದೆ. ಒಳಮನೆಯಲ್ಲಿ ಗಿಳಿಯನ್ನು ಪಂಜರದಲ್ಲಿಟ್ಟುಕೊಂಡು ಹೊರಗೆ ಬಾಟಲಿ ಕಟ್ಟುವವರಿಗೆ, ಬಂಧವೆಂಬುದು ಅಹಿಂಸಾಣುವ್ರತದ ಮೊದಲ ಅತಿಚಾರವೆಂದೂ, ನಮ್ಮ ಗಿಳಿಗಳನ್ನು ಸಾಕುವುದು 1972ರ ವನ್ಯಜೀವಿ ಕಾಯ್ದೆಗೆ ವಿರುದ್ಧವೆಂದೂ ನೆನಪಿಸಿದರೆ ಸಾಕು.

ಹಾಗಾದರೆ ಮಾಡಬೇಕಾದದ್ದೇನು ಎಂದು ಕೇಳುವ ಟ್ರಸ್ಟಿಗಳಿಗೆ ನನ್ನಲ್ಲಿ ಹೊಸದೇನೂ ಇಲ್ಲ. ಗುಜರಾತಿನ ಪೇಟೆಗಳಲ್ಲಿ ಹಿಂದಿನವರು ಚಬೂತರೋ ಎಂಬ ಎತ್ತರದ ಕಾಳುಮಂಟಪಗಳನ್ನು ಕಟ್ಟಿಸಿದರು. ಅದು ಒಂದು ಬೀದಿಯವರೆಲ್ಲರ ಹೊಣೆಯಾಗಿತ್ತು. ನಮ್ಮ ಮಲೆನಾಡಿನ ಜಗುಲಿಗಳಲ್ಲಿ ಹೊಸ ಭತ್ತದ ತೆನೆಯ ಗೊಂಚಲು ತೂಗುತ್ತಿತ್ತು. ಗುಬ್ಬಿ ಒಂದೊಂದೇ ಕಾಳು ಸುಲಿದು ತಿನ್ನುತ್ತಿತ್ತು, ಅಲ್ಲಿ ಕೊಳೆಯುವ ತಳವಿರಲಿಲ್ಲ, ಪಾರಿವಾಳಕ್ಕೆ ಕೂರಲು ಎಡೆಯೂ ಇರಲಿಲ್ಲ. ಮಕ್ಕಳಿಂದ ಮನೆಯ ವಸ್ತುವಿನಲ್ಲೇ ಮಾಡಿಸಬೇಕೆಂದರೆ ತೆಂಗಿನ ಕರಟವಿದೆ. ಅರ್ಧ ಕರಟದ ಒಳಗಿನ ಕಾಯಿಯ ಅಂಶವನ್ನು ಪೂರ್ತಿ ಹೆರೆದು ತೆಗೆಯಬೇಕು, ಇಲ್ಲದಿದ್ದರೆ ಎಣ್ಣೆ ಕಮಟಾಗಿ ಇರುವೆ ಸೇರುತ್ತದೆ. ಎರಡು ದಿನ ಬಿಸಿಲಿಗಿಟ್ಟು, ಅಂಚಿನಲ್ಲಿ ಮೂರು ತೂತು, ತಳದಲ್ಲಿ ನೀರಿಳಿಯಲು ಮೊಳೆಯಿಂದ ಒಂದು ತೂತು ಮಾಡಿ, ತೆಂಗಿನ ನಾರಿನ ಹುರಿಯಿಂದ ಆಳೆತ್ತರಕ್ಕಿಂತ ಮೇಲೆ, ಬೆಕ್ಕು ಹಾರಲಾಗದ ಕಡೆ, ಗಾಜಿನ ಕಿಟಕಿಗೆ ದೂರವಾಗಿ ಕಟ್ಟಬೇಕು. ಒಂದು ಹಿಡಿ ನವಣೆಯೋ ಸಜ್ಜೆಯೋ ಅಕ್ಕಿಯ ನುಚ್ಚೋ ಸಾಕು. ಕರಟದಲ್ಲಿ ಹೆಚ್ಚು ಹಿಡಿಯುವುದಿಲ್ಲ. ಅದೇ ಅದರ ಗುಣ. ಮಾರನೆಯ ದಿನ ಮತ್ತೆ ಹೋಗಲೇಬೇಕಾಗುತ್ತದೆ. ಸಂಜೆ ಉಳಿದದ್ದನ್ನು ತೆಗೆದಿಡುವುದು ಲೇಸು. ನಾವು ಪ್ರಯತ್ನಪಟ್ಟು ಪಾಲಿಸುವ ರಾತ್ರಿಭೋಜನತ್ಯಾಗ ಗುಬ್ಬಿಗೆ ಹುಟ್ಟಿನಿಂದಲೇ ಬಂದಿದೆ, ರಾತ್ರಿಯ ಕಾಳು ಇಲಿಗೆ ಮಾತ್ರ. ವಾರಕ್ಕೊಮ್ಮೆ ಬಿಸಿನೀರಿನಲ್ಲಿ ತೊಳೆದು ಒಣಗಿಸಿ ಕಟ್ಟಬೇಕು. ಕರಟ ಹಳತಾದರೆ ಒಲೆಗೆ, ಇಲ್ಲವೇ ಗಿಡದ ಬುಡಕ್ಕೆ.

ಶಿಖರ್ಜಿಯಂಥ ಯಾತ್ರೆಗೆ ಹೊರಡುವ ಮನೆಯವರು ಬೀಗ ಹಾಕುವಾಗ ಕರಟವನ್ನು ಬಿಚ್ಚಿ ಒಳಗಿಟ್ಟರೂ ದೋಷವಿಲ್ಲ. ಸುತ್ತ ಮರಗಿಡಗಳಿರುವಲ್ಲಿ ಹಕ್ಕಿ ಒಂದು ಹಿಡಿ ಕಾಳನ್ನೇ ನಂಬಿ ಬದುಕಿರುವುದಿಲ್ಲ. ಆದರೆ ಬೇಸಿಗೆಯಾದರೆ ನೀರಿನ ತಟ್ಟೆಯನ್ನು ನೆರೆಯವರಿಗೆ ಒಪ್ಪಿಸಿ ಹೋಗಬೇಕು. ಬಸದಿಗಳಲ್ಲಿ ಬಾಟಲಿಗಳು ಈಗಾಗಲೇ ತೂಗುತ್ತಿದ್ದರೆ ಮುಂದಿನ ಮಳೆ ಹಿಡಿಯುವ ಮೊದಲು ಇಳಿಸಿ, ತಳದ ಕಾಳನ್ನು ಒಂದು ಬಿಳಿ ಬಟ್ಟೆಯ ಮೇಲೆ ಸುರಿದು ಪಾಠಶಾಲೆಯ ಮಕ್ಕಳಿಗೆ ತೋರಿಸಲಿ. ಎಷ್ಟು ಬಗೆಯ ಜೀವಗಳಿವೆ ಎಂದು ಅವರೇ ಎಣಿಸಲಿ. ಎಣಿಸಿದ ಮೇಲೆ ಬಟ್ಟೆಯನ್ನು ಕೊಡವಬೇಕಾದದ್ದು ನೆರಳಿನಲ್ಲಿ.